ದೀಪ ಹಚ್ಚಿದ ಮೇಲೆ ಹೆಪ್ಪು

ನನ್ನ ಅತ್ತೆ, ಅಂದರೆ ಗಂಡನ ತಾಯಿ, ಇದುವರೆಗೆ ಎಷ್ಟು ಕೊಲೆಗಳನ್ನು ಬಗೆಹರಿಸಿದ್ದಾರೋ ಲೆಕ್ಕವಿಲ್ಲ. ಅದೂ ಕಾರಟಗಿಯ ನಮ್ಮ ಅಡುಗೆಮನೆ ಬಿಟ್ಟು ಕದಲದೆ! ಟಿವಿಯಲ್ಲಿ ಕೊಲೆ ಸುದ್ದಿ ಬಂದರೆ ಸಾಕು, ರೊಟ್ಟಿ ಬಡಿಯುವ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಹೆಂಚಿನ ಮೇಲಿನ ರೊಟ್ಟಿ ಕರಕಾಗುವುದರೊಳಗೆ ಕೊಲೆಗಾರನ ಉದ್ದೇಶ ಹೊರಬಿದ್ದಿರುತ್ತದೆ. ಆ ಕರಕು ರೊಟ್ಟಿ ತಿನ್ನುವವಳು ನಾನು.

ಹೆಣ್ಣು, ಹೊನ್ನು, ಮಣ್ಣು ಎಂದು ಲೋಕ ಹೇಳಿದರೆ ಅತ್ತೆ ಒಪ್ಪುವವರಲ್ಲ. "ಕೊಲಿ ಎಲ್ಲಾ ಹಸದ ಹೊಟ್ಟಿಂದ ಆಗ್ತಾವ. ಹೊಟ್ಟಿ ತುಂಬ ಉಂಡಾವ ಕೊಲ್ಲೂದಿಲ್ಲ, ಮಲಗ್ತಾನ" ಎಂಬುದು ಅವರ ಸಿದ್ಧಾಂತ. ಇದರ ದೆಸೆಯಿಂದ ಮಾವನವರು ಬೇಡವೆಂದರೂ ಇನ್ನೊಂದು ರೊಟ್ಟಿ ತಿನ್ನಲೇಬೇಕು. "ನಾ ಯಾರನ್ನ ಕೊಲ್ಲಲಿ?" ಎಂದು ಅವರು ಕೇಳಿದರೆ, "ಅದು ನನಗ ಹ್ಯಾಂಗ ಗೊತ್ತಾಗಬೇಕು? ಉಣ್ರಿ" ಎಂದು ಉತ್ತರ.

ಒಮ್ಮೆ ಮೈದುನನ ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸಪ್ಪನನ್ನು ಕೂಡಿಸಿಕೊಂಡು, ಅತ್ತೆ ಟಿವಿಯಲ್ಲಿ ನೋಡಿದ ಯಾವುದೋ ಊರಿನ ಬಾವಿ ಕೊಲೆ ಕೇಸನ್ನು ಬಿಡಿಸಿ ಹೇಳಿದರು.

"ಅದು ನಮ್ಮ ಠಾಣಾಕ ಬರೂದಿಲ್ರಿ ಅಮ್ಮಾರ."

"ಮತ್ತ ಚಾ ಯಾಕ ಕುಡದಿ?"

ಇಂಥ ಕಥೆಗಳಿಗೆ ಖಾಯಂ ಶ್ರೋತೃ ಒಬ್ಬಳಿದ್ದಳು. ಮೂರು ಮನೆ ಆಚೆ ಬಾಡಿಗೆಗಿದ್ದ, ಹೊಸದಾಗಿ ಮದುವೆಯಾದ ಹುಡುಗಿ. ದಿನಾ ಸಂಜೆ ಬಟ್ಟಲು ಹಿಡಿದು ಹೆಪ್ಪು ಕೇಳಲು ಬರುತ್ತಿದ್ದಳು. "ಒಂದ ಚಮಚಾ ಮಸರು ಉಳಿಸಿಕೊಳ್ಳಾಕ ಬರೂದಿಲ್ಲ, ಎಂಥಾ ಸಂಸಾರ ನಿಂದು" ಎಂದು ಅತ್ತೆ ರೇಗಿಸುವರು. ಅವಳು ನಕ್ಕು ಅಲ್ಲೇ ಕೂರುವಳು. ಒಂದು ದಿನ ಮಾತ್ರ ಕೇಳಿದಳು: "ಉಂಡಾವ ಖರೇನ ಕೊಲ್ಲೂದಿಲ್ಲೇನ್ರಿ?"

ಒಂದು ಸಂಜೆ ಅವಳ ಗಂಡ ಅವಳನ್ನು ಮನೆಯೊಳಗೇ ಕೊಂದ. ತಾನೇ ಹೋಗಿ ಠಾಣೆಯಲ್ಲಿ ಕೂತ. ಅವನು ಉಂಡ ತಾಟು ಅಲ್ಲೇ ಇತ್ತಂತೆ. ಅತ್ತೆಯ ಸಿದ್ಧಾಂತ ಅಲ್ಲಿಗೆ ಮುಗಿಯಿತು.

ಓಣಿಗೆ ಮಾತ್ರ ಉದ್ದೇಶ ಬೇಕಿತ್ತು. ನಮ್ಮ ಕಟ್ಟೆಯ ಮೇಲೆ ಜನ ಸೇರಿದರು.

"ಫೋನಿನ್ಯಾಗ ಭಾಳ ಮಾತಾಡ್ತಿದ್ಲಂತ್ರಿ."

"ಸಂಜಿ ಆತಂದ್ರ ಮನಿ ಬಿಟ್ಟು ಹೊಂಡ್ತಿದ್ಲು. ಎಲ್ಲಿಗೋ ಏನೋ. ಗಂಡಸು ಎಷ್ಟಂತ ತಡಕೊಂತಾನ?"

ನೋಡಿ, ಕೊಂದವನು ಅವನು, ವಿಚಾರಣೆ ಅವಳದು! ಎಲ್ಲರೂ ತೀರ್ಪಿಗಾಗಿ ಅತ್ತೆಯ ಮುಖ ನೋಡಿದರು. ಅತ್ತೆ ಸೆರಗು ಕೊಡವಿ ಒಳಗೆ ಹೋದರು.

ಕರ್ಮಗಳೆಲ್ಲ ಮುಗಿದ ಮೇಲೆ ಹುಡುಗಿಯ ತಾಯಿ ಮಗಳ ಪಾತ್ರೆ ಪಗಡ ಒಯ್ಯಲು ಹನುಮಸಾಗರದಿಂದ ಬಂದರು. ಓಣಿಯ ಮಾತು ಅವರ ಕಿವಿಗೂ ಬಿದ್ದಿತ್ತು. ನೇರ ನಮ್ಮ ಕಟ್ಟೆಗೆ ಬಂದು, ಕೂತಿದ್ದವರ ಎದುರಿಗೇ ಅತ್ತೆಯನ್ನು ಕೇಳಿದರು: "ನಿಮಗ ಎಲ್ಲಾ ತಿಳೀತೈತಿ ಅಂತಾರ. ನನ್ನ ಮಗಳು ಸಂಜಿಕ ಎಲ್ಲಿಗೆ ಹೋಗ್ತಿದ್ಲವ್ವ?"

ಅತ್ತೆ ಎದ್ದು ನಿಂತರು. "ನಮ್ಮನಿಗೆ ಬರ್ತಿದ್ಲು. ಹೆಪ್ಪಿಗೆ. ಕೇಳ್ರಿ ಎಲ್ಲಾರೂ. ಅವ ಯಾಕ ಕೊಂದ ಅನ್ನೂದು ಜೈಲಿಗೆ ಹೋಗಿ ಅವನ್ನ ಕೇಳ್ರಿ. ಈ ಹುಡಿಗೀ ಸುದ್ದಿ ಎತ್ತಾವರು ಈ ಕಟ್ಟಿ ಮ್ಯಾಲ ಕುಂಡ್ರಬ್ಯಾಡ್ರಿ."

ಕಟ್ಟೆ ಖಾಲಿಯಾಯಿತು. ಏನೂ ಅನ್ನದ ಮಾವನವರೂ ಹೆದರಿ ಎದ್ದು ಒಳಗೆ ಬಂದರು.

ಆ ತಾಯಿ ಹೋದ ಮೇಲೆ ಅತ್ತೆ ಅಡುಗೆಮನೆಯಲ್ಲಿ ಕುಸಿದು ಕೂತರು. "ದಿನಾ ಹೆಪ್ಪು ಯಾರಿಗೆ ಬೇಕಾಗ್ತೈತಿ? ಕುಂಡ್ರಾಕ ಬರ್ತಿತ್ತು ಕೂಸು. ಊರ ಕೊಲಿ ಎಲ್ಲಾ ತಿಳೀತು, ಇದು ತಿಳೀಲಿಲ್ಲ ನನಗ. ಅವ ಕೊಂದ ದಿನಾನೂ ಬಂದಿತ್ತು, ಆದ್ರ ತಡಾ ಮಾಡಿ. ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಟ್ರ ಲಕ್ಷ್ಮಿ ಹೋಗ್ತಾಳ, ನಾಳೆ ಬಾ ಅಂತ ಬಾಗಲದಾಗಿಂದ ಹೊಳ್ಳಿ ಕಳಿಸಿದ್ನಿ."

ಪಕ್ಕದಲ್ಲಿ ಕೂತು ನಾನೂ ಅತ್ತುಬಿಟ್ಟೆ.

ಈಗ ದೀಪ ಹಚ್ಚಿದ ಮೇಲೂ ಹೆಪ್ಪು ಕೊಡುವ ಮನೆ ಓಣಿಯಲ್ಲಿ ನಮ್ಮದೊಂದೇ. "ಲಕ್ಷ್ಮಿ ಹೋಗ್ತಾಳ್ರೀ" ಎಂದು ಯಾರಾದರೂ ಎಚ್ಚರಿಸಿದರೆ ಅತ್ತೆ, "ಹೋಗಾಕಿ ಹೋಗ್ಲಿ, ಬರಾಕಿ ಬರ್ಲಿ" ಎನ್ನುತ್ತಾರೆ. ಯಾವ ಹುಡುಗಿ ಬಟ್ಟಲು ಹಿಡಿದು ಬಂದರೂ ಟಿವಿ ಆರಿಸಿ, ಕೈ ಹಿಡಿದು ಒಳಗೆ ಕೂಡಿಸುತ್ತಾರೆ.

"ಹೆಪ್ಪು ಆಮ್ಯಾಲ ಕೊಡ್ತೀನಿ. ಮನ್ಯಾಗ ಹ್ಯಾಂಗ ನಡದೈತಿ, ಮೊದಲ ಅದನ್ನ ಹೇಳವ್ವ."