ದಾರಿಯಲ್ಲಿ ಕೊಟ್ಟ ಚಿಲ್ಲರೆ

ವಿಜಯಪುರದ ಟ್ಯಾಕ್ಸಿ ಚಾಲಕರು ಪ್ರಯಾಣಿಕರಿಂದ ಬಖರ... ಅಲ್ಲ, ಬಕಸ... ಅದೂ ಅಲ್ಲ, ಬಕ್ಷೀಸು ಪಡೆಯುವುದನ್ನು ಸಂಪೂರ್ಣವಾಗಿ ನಿಲ್ಲಿಸಿದ್ದಾರೆ. ಚೆನ್ನೈ ಸೇರಿ ಮುದುಕಿಯಾದ ನನಗೆ ಆ ಪದವೇ ಮರೆತುಹೋಗಿತ್ತು. ಅದನ್ನು ನಿಷೇಧಿಸಿದ ಫಲಕ ಕಾರಿನಲ್ಲೇ ಇದ್ದುದರಿಂದ ನೆನಪಾಯಿತು.

"ಬಕ್ಷೀಸು ಹಾಗೂ ಬಾಡಿಗೆಯನ್ನು ಏರಿಸಿ ರೌಂಡ್ ಮಾಡುವ ಪದ್ಧತಿ ರದ್ದಾಗಿದೆ. ಚಿಲ್ಲರೆ ಇಲ್ಲದಿದ್ದಲ್ಲಿ ಅಷ್ಟೇ ಬೆಲೆಯ ದಾರಿಯನ್ನು ಹಿಂದಿರುಗಿಸಲಾಗುವುದು. ಇಂತಿ, ಪ್ರಾಮಾಣಿಕ ಟ್ಯಾಕ್ಸಿ ಚಾಲಕರ ಸಂಘ." ಪ್ರಾಮಾಣಿಕತೆ ಜಾರಿಗೆ ಬಂದಂದಿನಿಂದ ಸಂಘದ ಆದಾಯ ದುಪ್ಪಟ್ಟಾಗಿದೆಯಂತೆ.

ನಾನು ಹೊರಟಿದ್ದು ಬಬಲೇಶ್ವರಕ್ಕೆ, ತಮ್ಮ ಬಸಗೊಂಡಪ್ಪನ ಮೊಮ್ಮಗಳ ತೊಟ್ಟಿಲಿಗೆ. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಮನೆಯ ಹೆಣ್ಣುಮಗಳ ಹಕ್ಕು. ಆ ಹಕ್ಕಿನವರಲ್ಲಿ ಉಳಿದವಳು ನಾನೊಬ್ಬಳೇ. ನಾನು ಹೋಗಿ ಮುಟ್ಟದಿದ್ದರೆ ಕೂಸಿಗೆ ಹೆಸರಿಲ್ಲ. ಜೊತೆಗೆ ನನ್ನ ಮೊಮ್ಮಗಳು ಶಾಂಭವಿ ಇದ್ದಳು.

ಮನೆಯ ಮುಂದಿನ ಹಂದರ ಕಾಣುತ್ತಿದ್ದಂತೆ ಐದುನೂರಾ ಎಪ್ಪತ್ತರ ಬಾಡಿಗೆಗೆ ಆರುನೂರು ಕೊಟ್ಟೆ.

"ಚಿಲ್ಲರ ಇಲ್ರಿ ಯವ್ವಾ," ಎಂದ ಚಾಲಕ ಗೊಲ್ಲಾಳಪ್ಪ. "ಮೂವತ್ತು ರೂಪಾಯಿ ದಾರಿ ಕೊಡತೇನಿ." ಹಂದರ ಹಿಂದೆ ಸರಿಯಿತು.

"ನೀನ ಇಟ್ಕೋ ಯಪ್ಪಾ, ಚಾಕ್ಕ."

"ಬಕ್ಷೀಸ ತಗೊಂಡ್ರ ದಂಡ ಹಾಕ್ತಾರ್ರಿ. ಬಡವ ಇರಬಹುದು, ಲಫಂಗ ಅಲ್ಲ ನಾ."

"ಫೋನಿನಲ್ಲಿ ಸರಿಯಾಗಿ ಹಾಕಲಾ?" ಎಂದಳು ಶಾಂಭವಿ.

"ಕೈಗೆ ಸಿಗದ ರೊಕ್ಕ ಸಂಘ ಒಪ್ಪೂದಿಲ್ಲ ತಂಗಿ."

ಮೂವತ್ತು ರೂಪಾಯಿಯ ದಾರಿ ಒಂದು ಬೇವಿನ ಗಿಡದ ಕೆಳಗೆ ಮುಗಿಯಿತು. ವಾಪಸು ಬರಲು ಮತ್ತೆ ಮೂವತ್ತು. ನನ್ನ ಹತ್ತಿರ ಇದ್ದದ್ದರಲ್ಲಿ ಚಿಕ್ಕದು ಐವತ್ತರ ನೋಟು. ಹೀಗಾಗಿ ಇಪ್ಪತ್ತು ರೂಪಾಯಿಯ ದಾರಿ ಬಾಕಿ ಬಂದು, ಹಂದರ ದಾಟಿ ವಿಜಯಪುರದ ಕಡೆಗೆ ಸಾಗಿದೆವು. ಬಸಗೊಂಡಪ್ಪ ತಲೆಯ ಪಟಗಾ ಹಿಡಿದುಕೊಂಡು ಕಾರಿನ ಜೊತೆ ಓಡಿದ.

"ಅಕ್ಕಾ, ಇಳಿ ಬೇ! ಹೊತ್ತು ಮೀರಾಕತ್ತೈತಿ!"

"ನಡುವ ಇಳಿಸಿದ್ರ ನಿಮ್ಮಕ್ಕನ ರೊಕ್ಕ ತಿಂದಂಗ ಆಕ್ಕೈತ್ರಿ," ಎಂದ ಗೊಲ್ಲಾಳಪ್ಪ.

ಬಸಗೊಂಡಪ್ಪ ಸ್ವತಃ ಒಂದು ಸಹಕಾರಿ ಸಂಘದ ಅಧ್ಯಕ್ಷ. ರೊಕ್ಕ ತಿನ್ನುವ ಮಾತು ಬಂದ ಕೂಡಲೇ ಓಡುವುದನ್ನು ನಿಲ್ಲಿಸಿದ. ಆಮೇಲೆ ಪ್ರತಿ ವಾಪಸಿಗೂ ಒಂದು ದೊಡ್ಡ ನೋಟು, ಪ್ರತಿ ನೋಟಿಗೂ ಮತ್ತೆ ದಾರಿ ಬಾಕಿ.

ವಿಚಾರಿಸಲಾಗಿ, ಕಾರು ನಿಲ್ಲಿಸಲು ನಿಯಮವಿಲ್ಲ, ನಿಧಾನ ಮಾಡಲು ಅಡ್ಡಿಯಿಲ್ಲ ಎಂದು ತಿಳಿದುಬಂತು. ಮುಂದಿನ ಸುತ್ತಿಗೆ ಬಸಗೊಂಡಪ್ಪನ ಸೊಸೆ ಮಹಾನಂದಾ ಕೂಸನ್ನೆತ್ತಿಕೊಂಡು ರಸ್ತೆಯ ಅಂಚಿಗೆ ನಿಂತಳು. ನಾನು ಕಿಟಕಿಯಿಂದ ಬಗ್ಗಿ, ಹೆಸರಿಗೆ ಮೊದಲು ಹೇಳುವ "ಕುರ್ರ್..." ಎನ್ನುವಷ್ಟರಲ್ಲಿ ಕಿವಿ ಹಿಂದೆ ಹೋಯಿತು. ಹೆಸರನ್ನು ಅದರ ಮುಂದಿನ ಸುತ್ತಿಗೆ ಹೇಳಿದೆ: "ವಿಜಯಲಕ್ಷ್ಮೀ!" ಹೆಸರು ಹೇಳಿದವಳ ಬೆನ್ನಿಗೆ ಹೆಂಗಸರು ಗುದ್ದುವುದು ರೂಢಿ. ನನ್ನ ಬೆನ್ನು ಕೈಗೆ ಸಿಗದ ಕಾರಣ ಕಾರಿನ ಡಿಕ್ಕಿಗೆ ಗುದ್ದಿದರು.

ಕಾರ್ಯ ಚಂದಾಯಿತೆಂದು ಎಲ್ಲರೂ ಹೇಳಿದರು. ಓಣಿಯ ಇನ್ನೆರಡು ಮನೆಯವರು ತಮ್ಮ ತೊಟ್ಟಿಲಿಗೂ ಇರಲಿ ಎಂದು ಗೊಲ್ಲಾಳಪ್ಪನ ನಂಬರು ಕೂಗಿ ಕೇಳಿದರು. ನಮ್ಮ ಪಾಲಿನ ಹೋಳಿಗೆ ಕಿಟಕಿಯಿಂದ ಒಳಗೆ ಬಂತು.

"ಸಂಘದಾಗ ನಿಮ್ಮ ಅಭಿಪ್ರಾಯ ಕೇಳ್ಯಾರ್ರಿ," ಎಂದು ಗೊಲ್ಲಾಳಪ್ಪ ಒಂದು ಚೀಟಿ ಕೊಟ್ಟ. ಕಾರು ಮತ್ತೆ ತಿರುಗುತ್ತಿತ್ತು, ನನ್ನ ಕೈಗೆ ತುಪ್ಪ ಹತ್ತಿತ್ತು.

"ಶಾಂಭವಿ, ನೀನ ಬರಿಯವ್ವಾ," ಎಂದೆ. "ಸೇವೆ ತೃಪ್ತಿಕರ. ಚಾಲಕರು ನಮ್ಮದೊಂದು ಪೈಸೆಯನ್ನೂ ಇಟ್ಟುಕೊಂಡಿಲ್ಲ."