ಅಡಿಪಟ್ಟಿ ಇಟ್ಟು ಓದಿದ ರೈಲು

ರೈಲೇ ಬಾರದ ಊರಿನಲ್ಲಿ ರೈಲಿನ ವಿಷಯ ಬಲ್ಲವಳೆಂದು ಹೆಸರು ಪಡೆಯುವುದು ಬಹಳ ಸುಲಭ. ನಮ್ಮ ಹುಣಸೂರಿಗೆ ಬರುವುದೆಲ್ಲ ಬಸ್ಸುಗಳು. ರೈಲು ಹತ್ತಬೇಕಾದರೆ ಮೊದಲು ಬಸ್ಸು ಹಿಡಿದು, ನಾವು ಬರೀ ನಗರ ಎನ್ನುವ ಕೃಷ್ಣರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ಇಂಥ ಊರಿಗೆ ಮದುವೆಯಾಗಿ ಬಂದ ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು, ಜೊತೆಗೆ ನನ್ನ ಬಳಿ ಇಂಗ್ಲಿಷಿನ ರೈಲ್ವೆ ಟೈಂಟೇಬಲ್ ಒಂದಿತ್ತು ಎಂಬ ಎರಡೇ ಕಾರಣಕ್ಕೆ ನಮ್ಮ ಬೀದಿಗೆಲ್ಲ ನಾನೇ ಸ್ಟೇಷನ್ ಮಾಸ್ಟರು. ಪುಸ್ತಕ ನನ್ನ ಅಣ್ಣನದು. ತಾನು ಹೊಸದು ಕೊಂಡಾಗ ಹಳೆಯದನ್ನು ನನಗೆ ದಾಟಿಸಿದ್ದ. ಹರಿದ ಬೆನ್ನಿಗೆ ನಾನೇ ಮೈದಾ ಅಂಟು ಕಾಯಿಸಿ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದೆ. ಅದು ಹಳೆಯದೆಂದು ನಾನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಮಧ್ಯಾಹ್ನ ಮುಸುರೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುವ ನೆರೆಯ ಹೆಂಗಸರ ಮುಂದೆ ಪುಸ್ತಕ ಬಿಡಿಸುವುದರಲ್ಲಿ ಒಂದು ಸುಖವಿತ್ತು. ಒಮ್ಮೆ ನಾನು ರೈಲು ಹದಿನೆಂಟು ಗಂಟೆಗೆ ಬರುತ್ತದೆ ಎಂದಾಗ, ನಮ್ಮ ಮನೆ ಗಡಿಯಾರ ಹನ್ನೆರಡಕ್ಕೇ ಮುಗಿದುಹೋಗುತ್ತಲ್ಲ ಎಂದು ಹಿಂದಿನ ಮನೆಯ ಅಜ್ಜಿ ಕಂಗಾಲಾಗಿದ್ದರು. ಸಂಜೆ ಆರು ಎಂದು ಬಿಡಿಸಿ ಹೇಳಿದಾಗ ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿ. ಕೋಷ್ಟಕ ಓದುವಾಗ ಸಾಲಿನ ಕೆಳಗೆ ಅಡಿಪಟ್ಟಿ ಇಡಬೇಕು, ಆಗ ಕಣ್ಣು ದಾರಿ ತಪ್ಪುವುದಿಲ್ಲ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಹಾಗಾಗಿ ನನ್ನ ಅಡಿಪಟ್ಟಿಯೂ ಪುಸ್ತಕದ ಜೊತೆಯಲ್ಲೇ ಇರುತ್ತಿತ್ತು.

ಒಂದು ಬುಧವಾರ ಎದುರು ಮನೆಯ ಗೌರಮ್ಮ ಬಂದರು. ಹೊಗೆಸೊಪ್ಪು ಬೆಳೆಯುವ ಮನೆತನದ ಗಟ್ಟಿ ಹೆಂಗಸು. ಆದರೆ ದೂರದ ಬಸ್ಸಿನಲ್ಲಿ ಕೂತರೆ ಎಷ್ಟು ನಿಂಬೆಹಣ್ಣು ಮೂಸಿದರೂ ಹೊಟ್ಟೆಯಲ್ಲಿದ್ದದ್ದು ನಿಲ್ಲುತ್ತಿರಲಿಲ್ಲ. ಹಾಸನದಲ್ಲಿರುವ ಅವರ ತಮ್ಮನಿಗೆ ಹೆಣ್ಣು ಮಗುವಾಗಿತ್ತು. ಶುಕ್ರವಾರ ರಾಹುಕಾಲ ಕಳೆದ ಮೇಲೆ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಗೌರಮ್ಮ. ತೀರಿಕೊಂಡ ತಾಯಿ ಪುಟ್ಟತಾಯಮ್ಮನ ಹೆಸರಿಡಬೇಕೆಂದು ಅವರ ಆಸೆ. ತಮ್ಮನ ಹೆಂಡತಿಯ ಅಕ್ಕ ಆಗಲೇ ಯಾವುದೋ ಹೊಸ ನಮೂನೆಯ ಹೆಸರು ಹುಡುಕಿಟ್ಟುಕೊಂಡು ತೊಟ್ಟಿಲ ಪಕ್ಕದಲ್ಲೇ ಠಿಕಾಣಿ ಹೂಡಿದ್ದಳಂತೆ.

“ನಾನು ಒಂದು ಗಳಿಗೆ ತಡವಾದ್ರೂ ಅವಳೇ ಬಗ್ಗಿ ಉಸುರುಬುಡ್ತಾಳೆ ಕಣವ್ವಾ. ಸರ್ಯಾಗಿ ನೋಡಿ ಯೋಳಿ” ಎಂದರು.

ಪುಟದ ನಡುವೆ ಊರುಗಳ ಹೆಸರು, ಅದರ ಎಡಕ್ಕೂ ಬಲಕ್ಕೂ ಗಂಟೆಗಳು. ಕೃಷ್ಣರಾಜನಗರದ ಕೆಳಗೆ ಅಡಿಪಟ್ಟಿ ಇಟ್ಟೆ. ಬೆಳಗಿನ ಹೊತ್ತಿಗೆ ಎಡಗಡೆ ಆರೂ ಇಪ್ಪತ್ತು, ಬಲಗಡೆ ಎಂಟೂ ನಲವತ್ತು. ಅಂಗಡಿಯವನು ಎರಡು ಸೀರೆ ಹರಡಿದಂತೆ ಎರಡು ರೈಲು ನನ್ನ ಮುಂದಿದ್ದವು. ಆರೂ ಇಪ್ಪತ್ತನ್ನು ಹಿಡಿಯಲು ನಮ್ಮೂರಿನಿಂದ ಅಷ್ಟು ಮುಂಚೆ ಬಸ್ಸಿಲ್ಲ. ಎಂಟೂ ನಲವತ್ತಾದರೆ ಪಾಪ, ಒಂದಿಷ್ಟು ಉಪ್ಪಿಟ್ಟು ತಿಂದುಕೊಂಡು ಹೊರಡಬಹುದು. ಕರುಣೆಯಿಂದ ಎಂಟೂ ನಲವತ್ತನ್ನೇ ಆರಿಸಿ ಕೊಟ್ಟೆ. ಗೌರಮ್ಮ ಅದನ್ನು ಎರಡು ಸಲ ಬಾಯಿಪಾಠ ಒಪ್ಪಿಸಿ, ಕಾಫಿ ಕುಡಿದು ಹೋದರು.

ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯವರು ಆ ಪುಸ್ತಕ ತಿರುವಿಹಾಕುತ್ತಿದ್ದರು. ಇವರು ಹೈಸ್ಕೂಲು ಮೇಷ್ಟರು. ತಪ್ಪು ಹುಡುಕುವುದು ಇವರಿಗೆ ಉಸಿರಾಡಿದಷ್ಟೇ ಸಲೀಸು. “ನಿನ್ನ ರೈಲು ನಗರಕ್ಕೆ ಎಂಟೂ ನಲವತ್ತಕ್ಕೆ, ಹಾಸನಕ್ಕೆ ಆರು ಗಂಟೆಗೆ. ಗೌರಮ್ಮ ಹೊರಡೋದಕ್ಕೆ ಮುಂಚೆಯೇ ತಲುಪಿಬಿಡ್ತಾರಲ್ಲೇ” ಎಂದರು.

ನಾನು ಪುಸ್ತಕ ಕಿತ್ತುಕೊಂಡೆ. ಎಡಗಡೆಯದನ್ನು ಮೇಲಿನಿಂದ ಕೆಳಕ್ಕೆ, ಬಲಗಡೆಯದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿತ್ತು. ನನ್ನ ಎಂಟೂ ನಲವತ್ತು ಹಾಸನದಿಂದ ಮೈಸೂರಿಗೆ ಹೋಗುವ ಗಾಡಿ! ಅಡ್ಡಕ್ಕೆ ನೆಟ್ಟಗೆ ಓದುವುದನ್ನು ಕಲಿಸಿದ ಸಿಸ್ಟರ್, ಲೋಕದಲ್ಲಿ ಕೆಳಗಿನಿಂದ ಮೇಲಕ್ಕೆ ಓದಬೇಕಾದದ್ದೂ ಇದೆ ಎಂದು ಹೇಳಿಕೊಟ್ಟಿರಲಿಲ್ಲ.

ಎದುರು ಮನೆಗೆ ಓಡಿದರೆ ಬಾಗಿಲಿಗೆ ಬೀಗ. ಆ ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಮಗುವಿನ ಕಡಗ ಮಡಿಲಲ್ಲಿಟ್ಟುಕೊಂಡು ಗೌರಮ್ಮ ಮೈಸೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಿರುವುದೂ, ಅತ್ತ ಹಾಸನದಲ್ಲಿ ಆ ಅಕ್ಕ ತೊಟ್ಟಿಲಿಗೆ ಬಗ್ಗುವುದೂ ಕಣ್ಣಿಗೆ ಕಟ್ಟುತ್ತಿತ್ತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಇವರು ಮಾತಿಲ್ಲದೆ ಅದಕ್ಕೆ ಮಜ್ಜಿಗೆ ಸುರಿದುಕೊಂಡು ಉಂಡರು. ಇವರು ತಪ್ಪು ಎತ್ತಿ ಆಡದಿದ್ದರೆ ನನಗೆ ಇನ್ನೂ ಭಯ.

ಶನಿವಾರ ಸಂಜೆ ಗೌರಮ್ಮ ಎಲೆಯಲ್ಲಿ ಒಬ್ಬಟ್ಟು ಸುತ್ತಿಕೊಂಡು ಬಂದರು. ಅವರು ಕೂರುವ ಮೊದಲೇ ನನ್ನ ತಪ್ಪನ್ನೆಲ್ಲ ಒಪ್ಪಿಕೊಂಡುಬಿಟ್ಟೆ. ಅವರು ನಕ್ಕರು. ತಾವು ಗುರುವಾರ ಸಂಜೆಯೇ ನಗರಕ್ಕೆ ಹೋಗಿ, ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಗಾಡಿ ಹತ್ತಿದ್ದಾಗಿ ಹೇಳಿದರು.

“ಮಗೀನ ಕಿವೀಲಿ ಮೂರು ದಪ ಪುಟ್ಟತಾಯಮ್ಮ ಅಂದೆ. ಇನ್ನು ಕರಿಯಕ್ಕೆ ಅವಳು ಏನಾರ ಕರ್ಕಳ್ಳಿ, ಬುಡಿ.”

ಹೋದ ಉಸಿರು ಬಂದಂತಾಯಿತು. ಆಮೇಲೆ ಅನುಮಾನವೂ ಬಂತು. ಆರೂ ಇಪ್ಪತ್ತರ ಗಾಡಿಯೆಂದು ಗೌರಮ್ಮನಿಗೆ ಹೇಳಿದ್ದು ಯಾರು? ಬಸ್ ಸ್ಟ್ಯಾಂಡಿನ ಹತ್ತಿರ ವೀಳ್ಯದೆಲೆ ಮಾರುವ ಸಿದ್ದಪ್ಪ. ಅವನು ಎಲೆಯ ಕಟ್ಟುಗಳನ್ನು ಅದೇ ರೈಲಿನಲ್ಲಿ ಹಾಸನದ ಸಂತೆಗೆ ಸಾಗಿಸುತ್ತಿದ್ದ. ಓದು ಬರಹ ಬಾರದು. ನನ್ನ ಮನೆಯಲ್ಲಿ ಕಾಫಿ ಕುಡಿದು ಹೊರಟ ಗೌರಮ್ಮ ಸೀದಾ ಅವನ ಹತ್ತಿರ ಹೋಗಿದ್ದರು. ಅವರೊಬ್ಬರೇ ಅಲ್ಲವಂತೆ, ನಮ್ಮ ಬೀದಿಯವರೆಲ್ಲ ಮಾಡುವುದು ಹಾಗೆಯೇ ಅಂತೆ.

“ಮತ್ತೆ ನನ್ನನ್ನ್ಯಾಕೆ ಕೇಳ್ತೀರಿ ಗೌರಮ್ಮನೋರೆ?” ಎಂದೆ.

ಅವರು ಒಬ್ಬಟ್ಟಿನ ಎಲೆಯನ್ನು ನನ್ನ ಕಡೆಗೆ ಸರಿಸಿದರು. “ತೆಪ್ಪು ತಿಳ್ಕಬ್ಯಾಡಿ ಕಣವ್ವಾ. ಪುಸ್ತಕ ಇಡ್ಕಂಡು ಅಷ್ಟು ಆಸೇಲಿ ಕೂತಿರ್ತೀರಿ. ಕೇಳ್ದೆ ಎಂಗೆ ಓಗದು?”

ಒಂದು ವಾರ ಮುನಿಸಿಕೊಂಡಿದ್ದೆ. ಆಮೇಲೆ ಅಣ್ಣನಿಗೆ ಕಾಗದ ಬರೆದು ಆ ವರ್ಷದ ಹೊಸ ಟೈಂಟೇಬಲ್ಲನ್ನೇ ತರಿಸಿದೆ. ಮುಂದಿನ ತಿಂಗಳು ನಾನೇ ಹೊಳೆನರಸೀಪುರಕ್ಕೆ ಮದುವೆಗೆ ಹೋಗಬೇಕಾಗಿತ್ತು. ಎಡಗಡೆ ಮೇಲಿನಿಂದ ಕೆಳಕ್ಕೆ ಓದಿದೆ, ಬಲಗಡೆ ಕೆಳಗಿನಿಂದ ಮೇಲಕ್ಕೆ ಓದಿದೆ, ಮೇಷ್ಟರ ಕೈಯಲ್ಲೂ ತಿದ್ದಿಸಿದೆ. ಎಲ್ಲ ಸರಿಯಿತ್ತು. ಆದರೂ ಸಂಜೆ ಮನೆಯಲ್ಲಿ ಎಲೆ ಮುಗಿದಿದೆ ಎಂಬ ನೆಪ ಹೂಡಿ ಬಸ್ ಸ್ಟ್ಯಾಂಡಿನ ಕಡೆಗೆ ನಡೆದೆ. ಸಿದ್ದಪ್ಪ ಎಲೆ ಜೋಡಿಸುತ್ತಿರುವಾಗ, ಸುಮ್ಮನೆ ಮಾತಿಗೆ ಎಂಬಂತೆ, ಬೆಳಗಿನ ಗಾಡಿ ನಗರಕ್ಕೆ ಎಷ್ಟು ಹೊತ್ತಿಗಪ್ಪ ಎಂದೆ.

ಅವನು ಎಲೆಯನ್ನು ಕೆಳಗಿಟ್ಟು ಬಹಳ ಗೌರವದಿಂದ ಹೇಳಿದ: “ನಿಮ್ಮ ಪುಸ್ತಕದಲ್ಲಿ ಎಷ್ಟು ಗಂಟೆ ಅಂತದೆ, ಮೊದ್ಲು ಅದ ಯೋಳಿ ಅವ್ವಾ. ಅದೊಂದ ಬುಟ್ಟು ಮಿಕ್ಕಿದ್ದರಲ್ಲಿ ನೋಡವ.”