ಐದನೇ ಕಂಡಿಕೆ

ಕಳೆದ ಸಲ ಶಾಲೆಯಲ್ಲಿ ಪರೀಕ್ಷಾ ಡ್ಯೂಟಿಗೆ ಚೀಟಿ ಎತ್ತುವಾಗ ಪಿ.ಟಿ. ಮೇಷ್ಟ್ರು ಹೊನ್ನೂರಸ್ವಾಮಿ ಮೂಲೆ ಮಡಚಿದ್ದ ಚೀಟಿಯನ್ನು ಬೆರಳಲ್ಲೇ ಗುರುತು ಹಿಡಿದು ತಪ್ಪಿಸಿಕೊಂಡಿದ್ದರು. ಅದಕ್ಕೇ ಈ ಶನಿವಾರ ಗಣಿತದ ಮುರುಗೇಶ್ ಮೇಷ್ಟ್ರು ಚೀಟಿಯೇ ಬೇಡವೆಂದು, ಮನೆಯಲ್ಲಿ ಅವ್ವನ ಮಗ್ಗದ ಬಳಿಯಿಂದ ರೇಷ್ಮೆ ನೂಲು ಸುತ್ತಿದ ಐದು ಕಂಡಿಕೆಗಳನ್ನು ಆರಿಸಿಕೊಂಡರು. ನಾಲ್ಕು ಕೆಂಪು, ಒಂದು ಹಸಿರು. ಮುಟ್ಟಿದರೆ ಎಲ್ಲವೂ ಒಂದೇ. ಬಟ್ಟೆಯ ಚೀಲಕ್ಕೆ ಹಾಕಿ, ಮಗ್ಗದ ಮೂಲೆಗೆ ನೇತುಹಾಕಿ ಸ್ನಾನಕ್ಕೆ ಹೋದರು.

ಹಸಿರು ಬಂದವರಿಗೆ ಮರುದಿನ ದೇವಸಮುದ್ರದಲ್ಲಿ ಪರೀಕ್ಷಾ ಡ್ಯೂಟಿ. ಅದೇ ದಿನ ಮುರುಗೇಶರು ಹೆಣ್ಣು ನೋಡಲು ಚಳ್ಳಕೆರೆಗೆ ಹೋಗಬೇಕಿತ್ತು. ಡ್ಯೂಟಿಯಿಂದಾಗಿ ಎರಡು ಸಲ ತಪ್ಪಿತ್ತು. "ಮೂರನೇ ಸಲಾನೂ ಬರ್ಲಿಲ್ಲ ಅಂದ್ರೆ ಆಮ್ಯಾಲೆ ಬರೋದೇ ಬ್ಯಾಡ," ಎಂದು ಹುಡುಗಿಯ ಅಪ್ಪ ಶಿವಮೂರ್ತಪ್ಪ ಫೋನಿನಲ್ಲೇ ಗುಡುಗಿದ್ದರು. ಹುಡುಗಿ ದೀಪಿಕಾ ಕೂಡ ಶಾಲೆಯಲ್ಲಿ ಮೇಡಂ. ಯಾವ ಪಾಠ ಎಂದು ಕೇಳಲು ಮುರುಗೇಶರಿಗೆ ನಾಚಿಕೆ. ಜೇಬಿನಲ್ಲಿದ್ದ ಅವಳ ಫೋಟೋ ಸೀಮೆಸುಣ್ಣದ ಪುಡಿ ಮೆತ್ತಿಕೊಂಡು ದಿನದಿನಕ್ಕೆ ಬೆಳ್ಳಗಾಗುತ್ತಿತ್ತು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಗದ್ದಲ.

"ನಾನ್ ಮೊದ್ಲು!" ಎಂದರು ಹೊನ್ನೂರಸ್ವಾಮಿ.

"ಆಹಾ, ಕೊನೇಗೆ ಉಳಿದೋರಿಗೆ ಹಸಿರೇ ಗತಿ. ನಾನ್ ಮೊದ್ಲು ತೆಗೀತೀನಿ," ಎಂದು ಕನ್ನಡದ ಗೀತಮ್ಮ ಚೀಲವನ್ನೇ ಎಳೆದುಕೊಂಡರು.

ಮುರುಗೇಶರು ಬೋರ್ಡಿನತ್ತ ನೆಗೆದರು. "ತೆಗೆದಿದ್ದನ್ನ ವಾಪಸ್ ಹಾಕಂಗಿಲ್ಲ, ಸರಿನಾ? ಮೊದಲ್ನೇರಿಗೆ ಹಸಿರು ಬರೋದು ಐದರಲ್ಲಿ ಒಂದು. ಎರಡನೇರಿಗೆ? ಮೊದ್ಲು ಕೆಂಪು ಹೋಗ್ಬೇಕು, ಅದು ಐದರಲ್ಲಿ ನಾಲ್ಕು. ಆಮೇಲೆ ಹಸಿರು, ನಾಲ್ಕರಲ್ಲಿ ಒಂದು. ಗುಣಿಸ್ರಿ! ಮತ್ತೆ ಐದರಲ್ಲಿ ಒಂದೇ. ಕೊನೇರಿಗೂ ಅಷ್ಟೇ!"

"ಹಂಗಾದ್ರೆ ಕೊನೇಗೆ ನೀವೇ ನಿಂತ್ಕಳ್ರಿ ಸಾರ್," ಎಂದರು ಹೊನ್ನೂರಸ್ವಾಮಿ.

ಗಣಿತದ ಮರ್ಯಾದೆಯ ಪ್ರಶ್ನೆ. ಮುರುಗೇಶರು ನಿಂತರು.

ಗೀತಮ್ಮನಿಗೆ ಕೆಂಪು. ನಾಲ್ಕರಲ್ಲಿ ಒಂದು, ಎಂದುಕೊಂಡರು ಮುರುಗೇಶರು. ವಿಜ್ಞಾನದ ಮೇಷ್ಟ್ರಿಗೆ ಕೆಂಪು. ಮೂರರಲ್ಲಿ ಒಂದು. ಇಂಗ್ಲಿಷ್ ಮೇಡಂಗೆ ಕೆಂಪು. ಮುರುಗೇಶರ ಮುಖ ಎಣ್ಣೆಯಲ್ಲಿ ಬಾಡಿಸಿದ ಬದನೆಕಾಯಿಯಂತಾಯಿತು. ಹೊನ್ನೂರಸ್ವಾಮಿ ಕೈ ಹಾಕಿ, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು ಎಳೆದರು.

ಕೆಂಪು!

"ದೇವಸಮುದ್ರಕ್ಕೆ ನನ್ ನಮಸ್ಕಾರ ಹೇಳ್ರಿ ಸಾರ್," ಎಂದು ಅವರು ಕುಣಿದರು.

ಮುರುಗೇಶರು ಉಳಿದದ್ದನ್ನು ತೆಗೆದರು. ಅದೂ ಕೆಂಪು.

ಹೆಡ್‌ಮಾಸ್ಟರ್ ಅಜ್ಜಪ್ಪ ಚೀಲವನ್ನು ತಿರುವಿ ಕೊಡವಿದರು. ಮುರುಗೇಶರು ಮನೆಗೆ ಫೋನ್ ಹಚ್ಚಿದರು.

"ಹಸಿರಾ?" ಎಂದಳು ಅವ್ವ ದ್ರಾಕ್ಷಾಯಣಮ್ಮ. "ಸೆರಗಿಗೆ ಕಮ್ಮಿ ಬಿತ್ತು ಕಣೋ, ತಕ್ಕಂಡೆ. ನಿನ್ ಎಣಿಕೆ ತಪ್ಪಬಾರ್ದು ಅಂತ ಬದ್ಲಿಗೆ ಒಂದು ಕೆಂಪು ಹಾಕೀನಿ."

"ಇನ್ನೊಂದ್ಸಲ ತೆಗೆಯೋಣ," ಎಂದು ಮುರುಗೇಶರು ಅಂಗಲಾಚಿದರು.

ಗೀತಮ್ಮ ತಮ್ಮ ಕಂಡಿಕೆಯನ್ನು ಬ್ಯಾಗಿಗೆ ಸೇರಿಸಿ ಜಿಪ್ ಎಳೆದರು. "ತೆಗೆದಿದ್ದನ್ನ ವಾಪಸ್ ಹಾಕಂಗಿಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್?"

"ಚೀಲ ತಂದೋರದ್ದೇ ಜವಾಬ್ದಾರಿ," ಎಂದು ಅಜ್ಜಪ್ಪ ಆದೇಶಕ್ಕೆ ಸಹಿ ಹಾಕಿಯೇಬಿಟ್ಟರು.

ಮುರುಗೇಶರು ಹೊರಗೆ ಬೇವಿನ ಮರದ ಕೆಳಗೆ ನಿಂತು ಚಳ್ಳಕೆರೆಗೆ ಫೋನ್ ಮಾಡಿದರು. ಬಾಯಿ ಬಿಡುವ ಮೊದಲೇ ಶಿವಮೂರ್ತಪ್ಪ ಶುರುಮಾಡಿದರು. "ಮೇಷ್ಟ್ರೇ, ಸಿಟ್ಟಾಗಬ್ಯಾಡ್ರಿ. ನಾಳೆ ಬರಬ್ಯಾಡ್ರಿ. ನಮ್ ದೀಪಿಕಾಗೂ ದೊಡ್ಡಉಳ್ಳಾರ್ತೀಲಿ ಡ್ಯೂಟಿ ಬಿದ್ದೈತೆ. ಎಲ್ರೂ ಚೀಟಿ ಎತ್ತಾಕೆ ಕಿತ್ತಾಡ್ತಿದ್ರೆ ಇವಳು, ಮೊದ್ಲಾದ್ರೂ ಒಂದೇ ಕೊನೇಗಾದ್ರೂ ಒಂದೇ ಅಂತ ಬೋರ್ಡ್ ಮ್ಯಾಲೆ ಲೆಕ್ಕ ಬರ್ದು ಕೊನೇಗೆ ನಿಂತ್ಲಂತೆ. ಹುಚ್ಚುಡುಗಿ!"

"ಲೆಕ್ಕ ಸರಿಯಾಗೇ ಐತೆ ಮಾವ," ಎಂಬ ಮಾತು ಮುರುಗೇಶರ ಬಾಯಿಂದ ಜಾರಿತು.

ಆ ಕಡೆಯಿಂದ ಜೋರು ನಗು. "ಮುಂದಿನ ಭಾನುವಾರ ಬಂದ್ಬಿಡ್ರಿ ಹಂಗಾದ್ರೆ."

ಮುರುಗೇಶರು ಫೋಟೋದ ಮೇಲಿನ ಸುಣ್ಣ ಒರೆಸುತ್ತಿದ್ದಾಗ ಅಜ್ಜಪ್ಪ ಕಿಟಕಿಯಿಂದ ತಲೆ ಹಾಕಿದರು.

"ರೀ ಮುರುಗೇಶ್, ಚೀಲ ಮನೆಗೆ ಒಯ್ಯಬ್ಯಾಡ್ರಿ. ಮುಂದಿನ ಭಾನುವಾರಕ್ಕೂ ಒಂದು ಡ್ಯೂಟಿ ಬಂದೈತೆ."